ಹಬ್ಬದ ಊಟಕ್ಕೆ ಕೂತಾಗ ಗ್ಯಾರಂಟಿ ಜಗಳ, ಏನು ಮಾಡುವುದು?

ಹಾಸನದ ಹುಡುಗಿ:
ನಮ್ಮ ಚಿಕ್ಕಪ್ಪನಿಗೂ ಭಾವನಿಗೂ ರಾಜಕೀಯದಲ್ಲಿ ಆಗುವುದೇ ಇಲ್ಲ. ಈ ಸಲ ಯುಗಾದಿಗೆ ಗೃಹಲಕ್ಷ್ಮಿ ದುಡ್ಡಿನ ಮಾತು ಬಂತು. ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡ್ತಿದ್ದಾರೆ ಅಂತ ಚಿಕ್ಕಪ್ಪ, ನಿಮಗೆ ಬಡವರ ಕಷ್ಟ ಎಲ್ಲಿ ಗೊತ್ತು ಅಂತ ಭಾವ, ಅಲ್ಲಿಂದ ಗುಲಾಮ, ಜಾತಿ, ಹಳೇ ಜಮೀನಿನ ವಿಷಯ ಎಲ್ಲ ಬಂದು ಅಕ್ಕ ಅಳುತ್ತಾ ಎದ್ದು ಹೋದಳು. ಮನೇಲಿ ರಾಜಕೀಯವೇ ಬೇಡ ಅಂತಾರೆ ಅಮ್ಮ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ನಮ್ಮ ತೆರಿಗೆ, ನಮ್ಮ ರೇಷನ್ ಬಗ್ಗೆ ಮನೇಲಿ ಮಾತಾಡದೆ ಇನ್ನೆಲ್ಲಿ ಮಾತಾಡುವುದು?

ನಿವೃತ್ತ ಮೇಷ್ಟ್ರು:
ಬೇಡ ಅನ್ನಬೇಡಿ ಮಗಳೇ. ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯಲ್ಲಿ ಒಂದು ಒಳ್ಳೆಯ ನಿಯಮ ಇದೆ. ಬೇರೆ ಪಕ್ಷವನ್ನು ಟೀಕಿಸುವುದಾದರೆ ಅದರ ನೀತಿ, ಕಾರ್ಯಕ್ರಮ, ಹಿಂದೆ ಮಾಡಿದ ಕೆಲಸ ಇಷ್ಟನ್ನೇ ಟೀಕಿಸಬೇಕು, ಖಾಸಗಿ ಬದುಕನ್ನು ಎಳೆಯಬಾರದು. ಪಕ್ಷಗಳು ಪಾಲಿಸುತ್ತವೋ ಬಿಡುತ್ತವೋ, ಮನೆಗೆ ಇದು ಸರಿಯಾಗಿ ಹೊಂದುತ್ತದೆ. ಇನ್ನೊಂದು, ವಿಧಾನಸಭೆಯಲ್ಲಿ ಎದುರಿನವರಿಗೆ ನೇರವಾಗಿ ಹೇಳುವಂತಿಲ್ಲ, ಸಭಾಧ್ಯಕ್ಷರಿಗೆ ಹೇಳಬೇಕು. ಇಬ್ಬರೂ ಗೌರವ ಕೊಡುವ ಅಜ್ಜಿಯೋ ದೊಡ್ಡಪ್ಪನೋ ಇದ್ದರೆ ಅವರಿಗೆ ವಿವರಿಸಲಿ. ದನಿ ತಾನಾಗಿಯೇ ಇಳಿಯುತ್ತದೆ.

ಮದ್ದೂರಿನವನು:
ನಾಯಕರನ್ನೇ ನೋಡಿ. 2018ರಲ್ಲಿ ಜೆಡಿಎಸ್ ಕಾಂಗ್ರೆಸ್ ಜೊತೆ ಸರ್ಕಾರ ಮಾಡಿತು, 2023ರಲ್ಲಿ ಬಿಜೆಪಿ ಜೊತೆ ಹೋಯಿತು. ಅವರು ಒಂದೇ ವೇದಿಕೆ ಹತ್ತುತ್ತಾರೆ, ನಾವು ಅವರಿಗಾಗಿ ನೆಂಟಸ್ತಿಕೆ ಕಳ್ಕೋಬೇಕಾ?

ಬಸ್ಸಿನಲ್ಲಿ ಓಡಾಡುವವಳು:
ಮದ್ದೂರಿನ ಅಣ್ಣ, ಹಾಗಂದರೆ ಎಲ್ಲರೂ ಒಂದೇ, ಮಾತಾಡಿ ಪ್ರಯೋಜನ ಇಲ್ಲ ಅಂದ ಹಾಗಾಗುತ್ತೆ. ನಾನು ಒಪ್ಪಲ್ಲ. ಇಬ್ಬರು ಹೇಳಿದ್ದರಲ್ಲೂ ಮಾತಾಡಬೇಕಾದ ವಿಷಯ ಇದೆ. 2024-25ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗೆ ಸುಮಾರು 52 ಸಾವಿರ ಕೋಟಿ ಇಟ್ಟರು. ಅಷ್ಟು ದುಡ್ಡು ಎಲ್ಲಿಂದ, ರಸ್ತೆ ಶಾಲೆಗೆ ಏನು ಉಳಿಯಿತು ಅಂತ ಚಿಕ್ಕಪ್ಪ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಭಾವ ಉತ್ತರ ಹುಡುಕಬೇಕು. ಆದರೆ ತಿಂಗಳಿಗೆ 2000 ಬರುವುದು ಮನೆ ಯಜಮಾನಿಯ ಖಾತೆಗೆ. ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯುವುದು ಹೆಂಗಸರಿಗೆ. ನಿಮ್ಮ ಮನೇಲಿ ಕೂಗಾಡಿದವರು ಇಬ್ಬರು ಗಂಡಸರು! ಆ ದುಡ್ಡು ಯಾವುದಕ್ಕೆ ಖರ್ಚಾಗುತ್ತೆ ಅಂತ ಅಮ್ಮನನ್ನೋ ಅಕ್ಕನನ್ನೋ ಯಾರೂ ಕೇಳಲಿಲ್ಲ ಅಲ್ವಾ? ಮುಂದಿನ ಸಲ ಮೊದಲು ಅವರು ಮಾತಾಡಲಿ, ಮಿಕ್ಕವರು ಕೇಳಲಿ.

ಹಾಸನದ ಹುಡುಗಿ:
ನಿಜ, ಯಾರೂ ಕೇಳಲಿಲ್ಲ. ಆದರೆ ಮತ್ತೆ ಜಾತಿ ಎತ್ತಿದರೆ? ಚಿಕ್ಕಪ್ಪ ಹಿರಿಯರು, ನಾನು ಹೇಗೆ ಹೇಳಲಿ?

ನಿವೃತ್ತ ಮೇಷ್ಟ್ರು:
ಅಲ್ಲಿ ಸುಮ್ನಿರಬೇಡಿ. 'ಚಿಕ್ಕಪ್ಪ, ಸ್ಕೀಮ್ ಬಗ್ಗೆ ಎಷ್ಟು ಬೇಕಾದರೂ ಬೈಯಿರಿ, ಜಾತಿ ಮಾತು ಬೇಡ' ಅಂತ ಎಲ್ಲರ ಮುಂದೆಯೇ, ದನಿ ಏರಿಸದೆ ಹೇಳಿ. ಭಾವ ಅಂದರೂ ಅದೇ ಮಾತು. ಆಮೇಲೆ ವಿಷಯ ಬದಲಿಸಬೇಡಿ, ದುಡ್ಡಿನ ಲೆಕ್ಕಕ್ಕೇ ವಾಪಸ್ ಕರೆದುಕೊಂಡು ಬನ್ನಿ.