ಉಳ್ಳಾಗಡ್ಡಿ ಸಿಪ್ಪೆ ಮತ್ತು ಅತ್ತಿಯ ಕಿಮೋ

ಗುಂಪು: ಬಾಗಲಕೋಟೆ ಮನೆಮಂದಿ

ಶಿವು ಕಾಕಾ (ಫಾರ್ವರ್ಡ್): ಉಳ್ಳಾಗಡ್ಡಿ ಸಿಪ್ಪೆಯ ಸತ್ವಕ್ಕೆ ಕ್ಯಾನ್ಸರ್ ಕೋಶಗಳು ಸತ್ತವು! ಎಸೆಯಬೇಡಿ, ಕುದಿಸಿ ಕುಡಿಯಿರಿ.

ಶಿವು ಕಾಕಾ: ಕ್ಯಾನ್ಸರಿಗೆ ಕಿಮೋ ನಡೆಯುತ್ತಿರುವ ಅಕ್ಕನಿಗೆ ನಾಳೆಯಿಂದ ಈ ಕಷಾಯ ಶುರು ಮಾಡೋಣ. ನಮ್ಮೂರಲ್ಲಿ ಸಿಪ್ಪೆಗೇನು ಬರ?

ಸುಮಾ: ಕಾಕಾ, ದಯವಿಟ್ಟು ಬೇಡ. ಸುದ್ದಿ ಪೂರ್ತಿ ಸುಳ್ಳಲ್ಲ. ತಿರುಳಿಗಿಂತ ಒಣ ಸಿಪ್ಪೆಯಲ್ಲೇ ಕ್ವೆರ್ಸೆಟಿನ್ ಅನ್ನೋ ಸಸ್ಯದ ಅಂಶ ಜಾಸ್ತಿ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಅದನ್ನು ಹಾಕಿದರೆ ಬೆಳವಣಿಗೆ ತಗ್ಗುತ್ತದೆ, ಎಷ್ಟೋ ಕೋಶ ಸಾಯುತ್ತವೆ. ಆದರೆ ಅಲ್ಲಿ ಕೋಶಗಳು ಅದರಲ್ಲೇ ಮುಳುಗಿರುತ್ತವೆ. ನಾವು ಕುಡಿದರೆ ಕರುಳು, ಲಿವರ್ ಎರಡೂ ಸೇರಿ ಹೆಚ್ಚಿನ ಪಾಲನ್ನು ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ರಕ್ತದಲ್ಲಿ ಉಳಿಯೋದು ಚೂರೇ ಚೂರು. ಕ್ಯಾನ್ಸರ್ ಗಂಟಿನ ತನಕ ಎಷ್ಟು ಮುಟ್ಟುತ್ತದೆ? ಈ ಫಾರ್ವರ್ಡ್‌ನಲ್ಲಿ ಆ ಮಾತೇ ಇಲ್ಲ.

ಶಿವು ಕಾಕಾ: ಅಕ್ಕನಿಗೆ ಕೊಡುವ ಕಿಮೋ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಮರದ ತೊಗಟೆಯಿಂದ ಬಂದದ್ದು ಅಂತ ನೀನೇ ಹೇಳಿದ್ದೆ, ಅಲ್ವಾ?

ಸುಮಾ: ಹೌದು, ಅಮೆರಿಕದ ಯೂ ಮರ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೂ ವಿನ್‌ಕ್ರಿಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಬಂದಿದೆ. ಗಿಡಗಳ ಮೇಲೆ ನನಗೂ ನಂಬಿಕೆ ಇದೆ ಕಾಕಾ. ಆದರೆ ಆ ತೊಗಟೆ ಸಂಗ್ರಹಿಸಿದ್ದು 1962ರಲ್ಲಿ, ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಮೂವತ್ತು ವರ್ಷ! ಯಾವ ಕ್ಯಾನ್ಸರಿಗೆ, ಎಷ್ಟು ಡೋಸ್, ಎಷ್ಟಾದರೆ ವಿಷ ಅಂತ ನೋಡೋಕೆ ಅಷ್ಟು ಕಾಲ ಹಿಡಿಯಿತು. ಈಗಲೂ ಎತ್ತರ, ತೂಕ ಲೆಕ್ಕ ಹಾಕಿ ಡ್ರಿಪ್‌ನಲ್ಲಿ ಕೊಡುತ್ತಾರೆ. ಆ ಮರದ ತೊಗಟೆಯನ್ನೇ ಕುದಿಸಿ ಕುಡಿದರೆ ಜೀವಕ್ಕೇ ಅಪಾಯ.

ಸುಮಾ: ಮತ್ತೆ, ಸಿಪ್ಪೆ ಮೇಲೆ ಕರಿ ಪುಡಿ ಇರುತ್ತಲ್ಲ, ಅದು ಬೂಸ್ಟು. ಕಿಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿರುತ್ತವೆ, ಸೋಂಕು ಬೇಗ ತಗಲುತ್ತದೆ. ಗಟ್ಟಿ ಕಷಾಯ ಸುಮ್ನೆ ಹೊಟ್ಟೆಗೆ ಹೋಗಿ ಬರೋದೂ ಅಲ್ಲ. ಕಿಮೋ ಔಷಧಿಯ ಕೆಲಸವನ್ನೇ ಏರುಪೇರು ಮಾಡಬಹುದು.

ಮಂಜು: ಹಾಗಾದರೆ ಸಿಪ್ಪೆಗೆ ಬೆಲೆನೇ ಇಲ್ವಾ ಅಕ್ಕಾ? ದರ ಬಿದ್ದ ವರ್ಷ ನಾವು ಉಳ್ಳಾಗಡ್ಡಿಯನ್ನೇ ಹೊಲದಲ್ಲಿ ಬಿಡುತ್ತೇವೆ.

ಸುಮಾ: ಇದೆ ಮಂಜು. ಸತ್ವ ತೆಗೆಯಬಹುದು, ನೂಲಿಗೆ ಒಳ್ಳೆ ಬಣ್ಣ ಬರುತ್ತದೆ. ರೈತರಿಗೆ ಅದರಿಂದ ನಾಲ್ಕು ಕಾಸು ಸಿಗಬೇಕು ಅನ್ನೋದು ನನ್ನ ಆಸೆಯೂ ಹೌದು. ಆದರೆ ಅತ್ತಿಯ ಮೇಲೆ ಪರೀಕ್ಷೆ ಬೇಡ.

ಅತ್ತಿ: ಕಷಾಯ ನನಗೂ ಬೇಡಪ್ಪ, ಮೊದಲೇ ವಾಕರಿಕೆ. ಝುಣಕಕ್ಕೆ ಉಳ್ಳಾಗಡ್ಡಿ ಹಾಕಬಹುದಾ?

ಸುಮಾ: ಹಾಕಿ ಅತ್ತಿ. ಚೆನ್ನಾಗಿ ಬೇಯಿಸಿ, ಖಾರ ಕಡಿಮೆ ಮಾಡಿ.

ಶಿವು ಕಾಕಾ: ಆದರೂ ಡಾಕ್ಟರನ್ನು ನಾನು ಕೇಳಿಯೇ ಕೇಳುತ್ತೇನೆ.

ಸುಮಾ: ಕೇಳಿ ಕಾಕಾ, ನಾನೂ ಬರುತ್ತೇನೆ. ಇಷ್ಟರಲ್ಲೇ ಬೇರೆ ಏನಾದರೂ ಕುಡಿಸಿದ್ದರೆ ಅದನ್ನೂ ಅವರಿಗೆ ಹೇಳಿಬಿಡಿ.