ಲಿಂಡಾ ಹ್ಯಾಝರ್ಡ್‌ಗೆ ಡಾಕ್ಟರ್ ಲೈಸೆನ್ಸ್ ಸಿಕ್ಕಿದ್ದಾದ್ರೂ ಹೇಗೆ?

ಹಳೇಫೈಲು:
1911ರ ಹ್ಯಾಝರ್ಡ್ ಕೇಸ್ ಬಗ್ಗೆ ಓದ್ತಾ ಇದೀನಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಾಲಾದಲ್ಲಿ ಉಪವಾಸದಿಂದ ಎಲ್ಲಾ ಕಾಯಿಲೆ ವಾಸಿ ಮಾಡ್ತೀನಿ ಅಂತ ರೋಗಿಗಳನ್ನ ಹಸಿವಲ್ಲೇ ಸಾಯಿಸಿದ್ಲಲ್ಲ, ಅವಳು. ಮೆಡಿಕಲ್ ಡಿಗ್ರಿನೇ ಇಲ್ದೋಳಿಗೆ ಲೈಸೆನ್ಸ್ ಯಾರು ಕೊಟ್ರು? ಒಬ್ರೂ ತಡೀಲಿಲ್ವಾ?

ಕತ್ತಲೆಕೋಣೆ:
ಕಾನೂನಲ್ಲೇ ತೂತಿತ್ತು ಗುರು. ಮುಂಚಿಂದ ಬದಲಿ ಚಿಕಿತ್ಸೆ ಮಾಡ್ಕೊಂಡಿದ್ದೋರಿಗೆ ಡಿಗ್ರಿ ಇಲ್ದಿದ್ರೂ ಲೈಸೆನ್ಸ್ ಸಿಗೋ ಅವಕಾಶ ಬಿಟ್ಟಿದ್ರು, ಇವಳು ಅದ್ರಲ್ಲೇ ನುಸುಳಿದ್ಲು. ಆಮೇಲೆ ಯಾರಾದ್ರೂ ದೂರು ಕೊಟ್ರೆ ಲೈಸೆನ್ಸ್ ಇದೆ, ರೋಗಿಗಳೂ ಒಪ್ಕೊಂಡೇ ಬಂದಿದಾರೆ, ನಾವೇನ್ ಮಾಡೋದು ಅಂತ ಅಧಿಕಾರಿಗಳು ಕೈ ತೊಳ್ಕೊಳ್ತಿದ್ರು. ಊರೋರಿಗೆ ಮಾತ್ರ ಗೊತ್ತಿತ್ತು, ಆ ಜಾಗಕ್ಕೆ 'ಸ್ಟಾರ್ವೇಶನ್ ಹೈಟ್ಸ್' ಅಂತಾನೇ ಹೆಸರಿಟ್ಟಿದ್ರು.

ರಾತ್ರಿಪಾಳಿ:
ಕೊನೆಗೆ ಸಿಕ್ಕಿಹಾಕ್ಕೊಂಡಿದ್ದು ವಿಲಿಯಮ್ಸನ್ ಅಕ್ಕತಂಗಿಯರಿಂದ. ಕ್ಲೇರ್, ಡೊರೊಥಿಯಾ, ಇಬ್ರೂ ದುಡ್ಡಿರೋ ಬ್ರಿಟಿಷ್ ಮನೆತನದೋರು, ಅಂಥಾ ದೊಡ್ಡ ಕಾಯಿಲೆ ಏನೂ ಇರ್ಲಿಲ್ಲ. ದಿನಾ ಸ್ವಲ್ಪ ಟೊಮೆಟೊ ಸಾರು, ಗಂಟೆಗಟ್ಲೆ ಎನಿಮಾ, ಮಸಾಜ್ ಅಂತ ಮೈಮೇಲೆ ಗುದ್ದೋದು, ಇಷ್ಟೇ ಟ್ರೀಟ್‌ಮೆಂಟ್. 1911ರ ಮೇನಲ್ಲಿ ಕ್ಲೇರ್ ಸತ್ತಾಗ ತೂಕ 23 ಕೆಜಿಗಿಂತ ಕಮ್ಮಿ! ಚಿಕ್ಕಂದಿನಿಂದ ಅವರನ್ನ ನೋಡ್ಕೊಂಡಿದ್ದ ಮಾರ್ಗರೆಟ್ ಕಾನ್ವೇ ಆಸ್ಟ್ರೇಲಿಯಾದಿಂದ ಬಂದು ನೋಡಿದ್ರೆ, ಸತ್ತೋಳ ಬಟ್ಟೆ ಹ್ಯಾಝರ್ಡ್ ಮೈಮೇಲೆ. ಡೊರೊಥಿಯಾಗೆ ತಾನೇ ಗಾರ್ಡಿಯನ್ ಅಂತ ಕಾಗದಾನೂ ಮಾಡಿಸ್ಕೊಂಡಿದ್ಲು. ಇನ್ನೊಂದು ಗೊತ್ತಾ, ಕೇಸ್ ನಡ್ಸೋಕೆ ಕೌಂಟಿ (ಅಲ್ಲಿನ ಜಿಲ್ಲಾಡಳಿತ) ಹತ್ರ ದುಡ್ಡಿಲ್ಲ ಅಂದ್ರು, ಆ ಖರ್ಚನ್ನೂ ಬದುಕುಳಿದ ಡೊರೊಥಿಯಾನೇ ಹಾಕ್ಬೇಕಾಯ್ತು, ಥೂ.

ಸುಮ್ನೆಓದುಗ:
ಅವಳೇ ನಿಜವಾಗ್ಲೂ ನಂಬಿದ್ಲೇನೋ? 1938ರಲ್ಲಿ ಸತ್ತಿದ್ದೂ ಉಪವಾಸ ಮಾಡ್ಕೊಂಡೇ ಅಲ್ವಾ.

ಕತ್ತಲೆಕೋಣೆ:
ಉಪವಾಸ ನಂಬಿರ್ಬೋದು, ಆದ್ರೆ ರೋಗಿಗಳ ಒಡವೆ, ಆಸ್ತಿ ಎಲ್ಲಾ ಇವಳ ಕಡೆಗೇ ಯಾಕೆ ಬರ್ಬೇಕಿತ್ತು? ನನ್ ಪ್ರಕಾರ ಎರಡೂ ಇತ್ತು, ನಂಬಿಕೆನೂ ದುರಾಸೆನೂ, ಅದಕ್ಕೇ ಅಷ್ಟು ಡೇಂಜರ್.

ಹಳೇಫೈಲು:
ಶಿಕ್ಷೆ ಎಷ್ಟಾಯ್ತು?

ರಾತ್ರಿಪಾಳಿ:
1912ರಲ್ಲಿ ಮ್ಯಾನ್‌ಸ್ಲಾಟರ್ (ಬೇಕಂತ ಮಾಡಿದ ಕೊಲೆ ಅಲ್ಲ, ಆದ್ರೆ ಸಾವಿಗೆ ಇವಳೇ ಕಾರಣ) ಅಂತ ತೀರ್ಪು ಬಂತು, 2ರಿಂದ 20 ವರ್ಷ. ಒಳಗಿದ್ದಿದ್ದು ಎರಡೇ ವರ್ಷದಷ್ಟು, ಗವರ್ನರ್ ಲಿಸ್ಟರ್ ಕ್ಷಮಾದಾನಾನೂ ಕೊಟ್ರು. ನ್ಯೂಜಿಲೆಂಡ್‌ಗೆ ಹೋಗಿ 1920ರಲ್ಲಿ ಅದೇ ಒಲಾಲಾಗೆ ವಾಪಸ್. ಈಗ ಲೈಸೆನ್ಸ್ ಇಲ್ವಲ್ಲ, ಅದಕ್ಕೆ ಆಸ್ಪತ್ರೆ ಅನ್ನದೆ 'ಆರೋಗ್ಯದ ಸ್ಕೂಲ್' ಅಂತ ಶುರುಮಾಡಿದ್ಲು. 1935ರಲ್ಲಿ ಕಟ್ಟಡ ಸುಟ್ಟುಹೋಗೋವರೆಗೂ ನಡೀತು.