ಥಿಯಾಗೊ ಸಿಲ್ವಾ ಕಷಾಯ ಕುಡಿದು ವಾಸಿಯಾದನಾ? ನಮ್ಮ ಮನೆ ಗುಂಪಿನ ಜಗಳ

ಭಾನುವಾರ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಹೆಸರು ತೆಗೆದು ಸಂಬಂಧ ಮಾತ್ರ ಇಟ್ಟಿದ್ದೇನೆ. ನಡುವೆ ಬಂದ ಶುಭರಾತ್ರಿಯ ಹೂಗಳನ್ನು ಬಿಟ್ಟಿದ್ದೇನೆ.

ಅತ್ತೆ (ಫಾರ್ವರ್ಡ್, ಜೊತೆಗೆ ಒಂದು ಫೋಟೊ): ಎಲ್ಲರೂ ಓದಲೇಬೇಕು!! ಬ್ರೆಜಿಲ್ ದೇಶದ ಫುಟ್‌ಬಾಲ್ ಆಟಗಾರ ಥಿಯಾಗೊ ಸಿಲ್ವಾನಿಗೆ ಕ್ಷಯ ರೋಗ. ಡಾಕ್ಟರುಗಳು ಕೈಬಿಟ್ಟರು. ತಾಯಿ ಒಂದು ಮಾತ್ರೆಯನ್ನೂ ಕೊಡದೆ ಮನೆಯ ಕಷಾಯದಲ್ಲೇ ವಾಸಿ ಮಾಡಿದಳು. ಅದೇ ಹುಡುಗ 2014ರಲ್ಲಿ ತನ್ನ ದೇಶಕ್ಕೆ ವಿಶ್ವಕಪ್ ಗೆದ್ದುಕೊಟ್ಟ!! ತಾಯಿಗಿಂತ ದೊಡ್ಡ ವೈದ್ಯರಿಲ್ಲ. ಹತ್ತು ಜನಕ್ಕೆ ಕಳುಹಿಸಿ.

ದೊಡ್ಡಪ್ಪ: ಅಕ್ಷರಶಃ ಸತ್ಯ. ಈಗಿನ ಮಕ್ಕಳಿಗೆ ಸೀನು ಬಂದರೂ ಸ್ಕ್ಯಾನಿಂಗ್. ನಮ್ಮಮ್ಮ ಅಮೃತಬಳ್ಳಿ ಕಷಾಯ ಕೊಟ್ಟೇ ಏಳು ಮಕ್ಕಳನ್ನು ಸಾಕಿದಳು.

ನಾನು: ಅತ್ತೆ, ಇದು ಎಲ್ಲಿಂದ ಬಂತು? ಯಾರು ಬರೆದದ್ದು? ಫೋಟೊದಲ್ಲಿ ಇರುವ ಗುಂಗುರು ಕೂದಲಿನವನು ಡೇವಿಡ್ ಲೂಯಿಸ್, ಬ್ರೆಜಿಲ್‌ನ ಇನ್ನೊಬ್ಬ ಆಟಗಾರ. ಸಿಲ್ವಾ ಅಲ್ಲ.

ಅತ್ತೆ: ಭಜನಾ ಮಂಡಳಿ ಗುಂಪಿನಲ್ಲಿ ಬಂತು. ಅಲ್ಲಿ ಎಲ್ಲರೂ ಓದಿದವರೇ.

ಬೆಂಗಳೂರು ಅಣ್ಣ: ಬ್ರೆಜಿಲ್ ಅಂದಕೂಡಲೇ ನನಗೆ 1986 ನೆನಪಾಯಿತು. ದೂರದರ್ಶನದಲ್ಲಿ ನಡುರಾತ್ರಿ ಫ್ರಾನ್ಸ್ ಮೇಲಿನ ಕ್ವಾರ್ಟರ್ ಫೈನಲ್. ಬ್ರೆಜಿಲ್‌ನ ಝೀಕೊ ಪೆನಾಲ್ಟಿ ಒದ್ದ, ಫ್ರಾನ್ಸ್ ಗೋಲಿ ತಡೆದುಬಿಟ್ಟ. ಪಕ್ಕದ ಮನೆ ಜಗಲಿಯಲ್ಲಿ ಊರೇ ಸೇರಿತ್ತು. ನೆನಪಿದೆಯಾ ಚಿಕ್ಕಪ್ಪ?

ನಾನು: ಅಣ್ಣ, ಒಂದು ನಿಮಿಷ. ಮೊದಲು ಇದನ್ನು ಮುಗಿಸೋಣ. 2014ರಲ್ಲಿ ವಿಶ್ವಕಪ್ ಗೆದ್ದದ್ದು ಜರ್ಮನಿ. ಬ್ರೆಜಿಲ್ ಸೆಮಿಫೈನಲ್‌ನಲ್ಲಿ ಅದೇ ಜರ್ಮನಿ ಎದುರು 7-1ರಿಂದ ಸೋತಿತು. ಸಿಲ್ವಾ ಆ ಪಂದ್ಯ ಆಡಲೇ ಇಲ್ಲ.

ದೊಡ್ಡಪ್ಪ: ವರ್ಷ ಒಂದು ಆಚೀಚೆ ಆಗಿರಬಹುದು. ತಾಯಿ ಮಹಿಮೆ ಸುಳ್ಳಾಗುತ್ತಾ? ನಿನಗೆ ಹಿರಿಯರು ಏನು ಹಾಕಿದರೂ ಅದರಲ್ಲಿ ಹುಳುಕು ಹುಡುಕುವುದೇ ಕೆಲಸ. ಗೃಹಪ್ರವೇಶದ ಮುಹೂರ್ತಕ್ಕೂ ಹೀಗೇ ತಕರಾರು ತೆಗೆದಿದ್ದೆ.

ನಾನು: ಗೃಹಪ್ರವೇಶದ ವಿಷಯ ಬೇರೆ, ದೊಡ್ಡಪ್ಪ. ಇದು ಕಾಯಿಲೆ ವಿಷಯ. ಅದಕ್ಕೇ ಹೇಳುತ್ತಿದ್ದೇನೆ. ನಾನು ಈ ಆಟಗಾರನನ್ನು ಅವನು ಇಟಲಿಯ ಮಿಲಾನ್ ಕ್ಲಬ್ಬಿನಲ್ಲಿದ್ದ ಕಾಲದಿಂದ ನೋಡುತ್ತಿದ್ದೇನೆ. ಅವನ ಕಥೆಯನ್ನು ಹೀಗೆ ಕೆಡಿಸಿದರೆ ಬೇಜಾರಾಗುತ್ತದೆ. ನಡೆದದ್ದು ಇಷ್ಟು. ಹುಟ್ಟಿದ್ದು ರಿಯೊ ಡಿ ಜನೈರೊದಲ್ಲಿ, 1984. ಇಪ್ಪತ್ತು ವಯಸ್ಸಿಗೆ ಪೋರ್ಚುಗಲ್‌ನ ಪೋರ್ಟೊ ಕ್ಲಬ್ಬಿಗೆ ಹೋದ. ಅಲ್ಲಿ ಎರಡನೇ ತಂಡದಲ್ಲೇ ಉಳಿದ. 2005ರಲ್ಲಿ ರಷ್ಯಾದ ಡೈನಮೊ ಮಾಸ್ಕೊ ಕ್ಲಬ್. ಟಿಬಿ ಅಂತ ಗೊತ್ತಾಗಿದ್ದು ಅಲ್ಲಿ. ಆಸ್ಪತ್ರೆಯಲ್ಲಿ ಸುಮಾರು ಆರು ತಿಂಗಳು ಇದ್ದ. ಶ್ವಾಸಕೋಶದ ಒಂದು ಭಾಗ ಕತ್ತರಿಸಿ ತೆಗೆಯುವ ಮಾತೂ ಬಂದಿತ್ತು. ಔಷಧಿಯಲ್ಲೇ ವಾಸಿಯಾಯಿತು. ಡಾಕ್ಟರುಗಳು ಕೈಬಿಡಲಿಲ್ಲ, ಅವರೇ ಉಳಿಸಿದ್ದು.

ಅತ್ತೆ: ಹಾಗಾದರೆ ತಾಯಿ ಏನೂ ಮಾಡಲಿಲ್ಲವಾ?

ನಾನು: ಮಾಡಿದರು ಅತ್ತೆ. ಅವನು ಆಟವೇ ಬೇಡ ಅಂತ ಕೂತಿದ್ದ. ಬಿಡಬೇಡ ಅಂತ ಹೇಳಿ ಮನಸ್ಸು ತಿರುಗಿಸಿದ್ದು ಅಮ್ಮ. ಅದೇನು ಸಣ್ಣ ಕೆಲಸವಾ? ಅದಕ್ಕೆ ಕಷಾಯ ಯಾಕೆ ಸೇರಿಸಬೇಕು?

ದೊಡ್ಡಪ್ಪ: ಅಂದರೆ ತಾಯಿಯೇ. ನಾನು ಹೇಳಿದ್ದೂ ಅದೇ.

ಬೆಂಗಳೂರು ಅಣ್ಣ: ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಗೊತ್ತಾ? ವಿಶ್ವಕಪ್ ಬಂದರೆ ಬೀದಿ ಪೂರ್ತಿ ಹಳದಿ ಹಸಿರು. ಅಲ್ಲಿನ ಹುಡುಗರಿಗೆ ಬ್ರೆಜಿಲ್ ಅಂದರೆ ಪ್ರಾಣ. ಈ ಸಿಲ್ವಾ ಬಗ್ಗೆ ಅಲ್ಲಿ ಒಬ್ಬ ನನ್ನ ಹತ್ತಿರ ಜಗಳಕ್ಕೇ ಬಂದಿದ್ದ. ಕ್ಯಾಪ್ಟನ್ ಆಗಿ ಅಳುತ್ತಾನಾ ಅಂದೆ, ಅಷ್ಟೇ.

ದೊಡ್ಡಪ್ಪ: ಅತ್ತನಾ? ನಾಯಕನಾದವನು ಅಳಬಾರದು.

ನಾನು: ಅದೇ 2014ರ ವಿಶ್ವಕಪ್. ಚಿಲಿ ಮೇಲೆ ಪಂದ್ಯ ಪೆನಾಲ್ಟಿಗೆ ಹೋಯಿತು. ಬೆಲೊ ಹೊರಿಜಾಂಟೆಯಲ್ಲಿ. ಇವನು ಜೊತೆಯವರನ್ನು ಬಿಟ್ಟು ದೂರ ಹೋಗಿ ಚೆಂಡಿನ ಮೇಲೆ ಕೂತು ಅತ್ತ. ಪೆನಾಲ್ಟಿ ಒದೆಯಲು ಮುಂದೆ ಬರಲಿಲ್ಲ. ಬ್ರೆಜಿಲ್‌ನಲ್ಲಿ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಮುಂದಿನ ಪಂದ್ಯದಲ್ಲಿ, ಕೊಲಂಬಿಯಾ ಮೇಲೆ, ಮೊದಲ ಗೋಲು ಹೊಡೆದವನೂ ಇವನೇ. ಆಮೇಲೆ ಗೋಲಿ ಚೆಂಡು ಒದೆಯುವಾಗ ಅಡ್ಡ ಬಂದು ಹಳದಿ ಕಾರ್ಡ್ ತಗೊಂಡ. ಆ ವಿಶ್ವಕಪ್‌ನಲ್ಲಿ ಅದು ಎರಡನೆಯದು. ಹಾಗಾಗಿ ಜರ್ಮನಿ ಮೇಲೆ ಹೊರಗೆ ಕೂತ. ಅರ್ಧ ಗಂಟೆಯೊಳಗೆ ಬ್ರೆಜಿಲ್‌ಗೆ ಐದು ಗೋಲು ಬಿತ್ತು. ಅತ್ತವನು ಮೈದಾನದಲ್ಲಿ ಇಲ್ಲದಾಗ ಏನಾಯಿತು ನೋಡಿ.

ಬೆಂಗಳೂರು ಅಣ್ಣ: ಅವನಿದ್ದಿದ್ದರೂ ಸೋಲುತ್ತಿದ್ದರು. ನೇಮಾರ್ ಬೆನ್ನು ಮುರಿದಿತ್ತಲ್ಲ.

ನಾನು: ಸೋಲುತ್ತಿದ್ದರೇನೋ, ಏಳು ಗೋಲು ಬಿಡುತ್ತಿರಲಿಲ್ಲ.

ಅಕ್ಕ: ನೀವಿಬ್ಬರೂ ಫುಟ್‌ಬಾಲ್ ಬಿಡಿ. ಅತ್ತೆ, ಇದನ್ನು ಇವತ್ತು ಯಾಕೆ ಹಾಕಿದಿರಿ? ನಿಮ್ಮ ಕಿರಿಯವನ ಕೆಮ್ಮು ಹೇಗಿದೆ?

ಅತ್ತೆ: ಇದೆ. ಮೂರು ವಾರ ಆಯಿತು. ಕಾಲೇಜು ಟೀಮಿನಲ್ಲಿ ಆಡಿ ಬೆವರಿ ಐಸ್ ನೀರು ಕುಡಿಯುತ್ತಾನೆ, ಅದಕ್ಕೇ. ಕಷಾಯ ಕೊಡುತ್ತಿದ್ದೇನೆ.

ಅಕ್ಕ: ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು ಅತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ.

ಅತ್ತೆ: ಮೊದಲೇ ಆ ಹೆಸರು ಎತ್ತಬೇಡ. ಅವನ ಅಕ್ಕನಿಗೆ ಗಂಡು ನೋಡುತ್ತಿದ್ದೇವೆ.

ಚಿಕ್ಕಪ್ಪ: ಇಷ್ಟು ಹೊತ್ತು ಸುಮ್ಮನಿದ್ದೆ. 1994ರಲ್ಲಿ ನನಗೆ ಇದೇ ಕಾಯಿಲೆ. ಈ ಗುಂಪಿನ ಮಕ್ಕಳಿಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಮಾತ್ರೆ ಉಷ್ಣ ಅಂತ ಬಿಡಿಸಿ ಕಷಾಯ ಶುರು ಮಾಡಿಸಿದ್ದು ಯಾರು ಅಂತ ದೊಡ್ಡಣ್ಣನೇ ಹೇಳಲಿ. ಕಾಯಿಲೆ ತಿರುಗಿ ಬಂತು. ಆಮೇಲೆ ಇಂಜೆಕ್ಷನ್ನೂ ಸೇರಿ ಎಂಟು ತಿಂಗಳು.

ದೊಡ್ಡಪ್ಪ: ಒಳ್ಳೆಯದಾಗಲಿ ಅಂತ ಹೇಳಿದ್ದು. ಆ ಎಂಟು ತಿಂಗಳು ಅಡಿಕೆ ಮಾರಿದ ದುಡ್ಡು ಯಾರ ಆಸ್ಪತ್ರೆಗೆ ಹೋಯಿತು, ಅದನ್ನೂ ಬರಿ.

ಚಿಕ್ಕಪ್ಪ: ಬರೆಯುತ್ತೇನೆ. ನಿಮ್ಮ ದುಡ್ಡೇ. ನನ್ನ ತಟ್ಟೆಗೂ ಲೋಟಕ್ಕೂ ಅಂಚಿನಲ್ಲಿ ಕೆಂಪು ಪೇಂಟ್ ಹಚ್ಚಿ ಹಿತ್ತಲ ಬಾಗಿಲ ಪಕ್ಕ ಇಟ್ಟಿದ್ದನ್ನೂ ಬರೆಯಲಾ? ಗುಣವಾದ ಮೇಲೂ ಎರಡು ವರ್ಷ ಅದೇ ತಟ್ಟೆ.

ಅಕ್ಕ: ಅದು ಗಾಳಿಯಲ್ಲಿ ಹರಡುವ ಕಾಯಿಲೆ. ತಟ್ಟೆ ಲೋಟದಿಂದ ಬರುವುದಿಲ್ಲ ಚಿಕ್ಕಪ್ಪ.

ಚಿಕ್ಕಪ್ಪ: ಈಗ ಗೊತ್ತು. ಆಗ ಯಾರು ಕೇಳುತ್ತಿದ್ದರು?

ಬೆಂಗಳೂರು ಅಣ್ಣ: ಚಿಕ್ಕಪ್ಪ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಿತ್ತಲ ತಟ್ಟೆ ನಾಯಿಗೆ ಅಂದುಕೊಂಡಿದ್ದೆ.

ದೊಡ್ಡಪ್ಪ: ಗುಂಪಿನಲ್ಲಿ ಮನೆ ಮಾನ ತೆಗೆಯುವುದು ಬೇಡ. ನಾಳೆ ಫೋನ್ ಮಾಡು, ಮಾತಾಡೋಣ.

ಚಿಕ್ಕಪ್ಪ: ಮೂವತ್ತು ವರ್ಷದಿಂದ ನಾಳೆ ಮಾತಾಡೋಣ ಅಂತಲೇ ಇದೆ. ತಂಗಿ, ಆ ಫಾರ್ವರ್ಡ್ ಅಳಿಸು ಮೊದಲು.

*ಅತ್ತೆ ಈ ಸಂದೇಶವನ್ನು ಅಳಿಸಿದ್ದಾರೆ*

ಅತ್ತೆ: ಅಳಿಸಿದೆ. ಆ ಹುಡುಗ, ಸಿಲ್ವಾ, ವಾಸಿಯಾದ ಮೇಲೆ ನಿಜವಾಗಿಯೂ ಮೊದಲಿನ ಹಾಗೆ ಓಡಿದನಾ? ಅದನ್ನು ಹೇಳು. ನಮ್ಮವನು ಕೇಳುತ್ತಿದ್ದಾನೆ, ಪಕ್ಕದಲ್ಲೇ ಇದ್ದಾನೆ.

ನಾನು: ಮೊದಲಿಗಿಂತ ಚೆನ್ನಾಗಿ ಅತ್ತೆ. ಮಾಸ್ಕೊದಲ್ಲಿ ಕೋಚ್ ಆಗಿದ್ದ ಇವೊ ವೊರ್ಟ್‌ಮನ್ 2006ರಲ್ಲಿ ಅವನನ್ನು ರಿಯೊದ ಫ್ಲುಮಿನೆನ್ಸೆ ಕ್ಲಬ್ಬಿಗೆ ಕರೆಸಿಕೊಂಡರು. ಮರುವರ್ಷವೇ ಬ್ರೆಜಿಲ್ ಕಪ್. ಆಮೇಲೆ ಮಿಲಾನ್ ಜೊತೆ ಇಟಲಿಯ ಲೀಗ್, ಪ್ಯಾರಿಸ್ ಕ್ಲಬ್ ಜೊತೆ ಫ್ರಾನ್ಸ್‌ನ ಲೀಗ್ ಏಳು ಸಲ. 36ಕ್ಕೆ ಹತ್ತಿರ ಇದ್ದಾಗ ಪ್ಯಾರಿಸ್ ಬಿಟ್ಟು ಲಂಡನ್ನಿನ ಚೆಲ್ಸಿ ಸೇರಿದ. 2021ರಲ್ಲಿ ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್, ಗೆದ್ದ. ಫೈನಲ್ ನಡೆದದ್ದು ಪೋರ್ಟೊದಲ್ಲಿ, ಅವನನ್ನು ಎರಡನೇ ತಂಡದಲ್ಲೇ ಇಟ್ಟಿದ್ದ ಕ್ಲಬ್ಬಿನ ಮೈದಾನದಲ್ಲೇ. ಅರ್ಧದಲ್ಲಿ ಗಾಯವಾಗಿ ಹೊರಗೆ ಬಂದ, ಪಾಪ. ಬ್ರೆಜಿಲ್ ಪರ 113 ಪಂದ್ಯ. 2025ರ ಕ್ಲಬ್ ವಿಶ್ವಕಪ್‌ನಲ್ಲಿ 40 ವಯಸ್ಸಿಗೆ ಮತ್ತೆ ಫ್ಲುಮಿನೆನ್ಸೆ ಪರ ಆಡಿ ಇಟಲಿಯ ಇನ್ನೊಂದು ಕ್ಲಬ್ ಇಂಟರ್ ಮಿಲಾನನ್ನು ಸೋಲಿಸಿದ. ಅವನ ಓಟ ಜಾಸ್ತಿ ಅಲ್ಲ, ಎಲ್ಲಿ ನಿಲ್ಲಬೇಕು ಅಂತ ಗೊತ್ತು. ಚೆಂಡು ಬರುವ ಮೊದಲೇ ಅಲ್ಲಿರುತ್ತಾನೆ.

ಅತ್ತೆ: ಅಷ್ಟು ವರ್ಷ ಆಡಿದನಾ! ಸರಿ. ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾ?

ಅಕ್ಕ: ಬೇಡ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಬೇಕು. ಮೊದಲು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಉಗುಳು ಅಲ್ಲ, ಆಳದಿಂದ ಕೆಮ್ಮಿ ತೆಗೆಯಬೇಕು. ಡಬ್ಬಿ ಆಸ್ಪತ್ರೆಯಲ್ಲೇ ಕೊಡುತ್ತಾರೆ.

ಚಿಕ್ಕಪ್ಪ: ನಾನು ಎಂಟೂವರೆಗೆ ಬೈಕ್ ತರುತ್ತೇನೆ. ರೆಡಿ ಇರಲಿ.